ಹೋಳಿಗೆ ಅಂಗಡಿಗೆ ವಾಟ್ಸಾಪ್ ಆರ್ಡರ್: ಎರಡು ಹಬ್ಬ ಕಳೆದ ಮೇಲೆ ನನ್ನ ಅಭಿಪ್ರಾಯ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಅಣ್ಣ, ಅತ್ತಿಗೆ ಒಂದು ಹೋಳಿಗೆ ಅಂಗಡಿ ನಡೆಸುತ್ತಾರೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಸಾರಿನ ಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಇದೆ, ಆದರೆ ಜನ ಬರುವುದು ಕಾವಲಿಯಿಂದ ಇಳಿದ ಬಿಸಿ ಹೋಳಿಗೆಗೆ. ಮಾಮೂಲಿ ದಿನ ಏನೂ ತೊಂದರೆ ಇಲ್ಲ. ಹಬ್ಬದ ದಿನ ಮಾತ್ರ ಬೆಳಿಗ್ಗೆ ಏಳಕ್ಕೇ ಸಾಲು ಶುರುವಾಗಿ, ಒಂಬತ್ತಕ್ಕೆ ಪಕ್ಕದ ಝೆರಾಕ್ಸ್ ಅಂಗಡಿ ದಾಟಿ, ಹತ್ತಕ್ಕೆ ಜಗಳ. "ನಾನು ನಿನ್ನೇನೇ ಫೋನ್ ಮಾಡಿ ಹೇಳಿದ್ನಲ್ಲಮ್ಮ" ಅಂತ ಒಬ್ಬರು, "ನಾವೇನು ಸುಮ್ನೆ ನಿಂತಿದೀವಾ" ಅಂತ ಇನ್ನೊಬ್ಬರು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವನು ನಾನೊಬ್ಬನೇ ಅಂತ, ಆನ್‌ಲೈನ್ ಆರ್ಡರ್ ವ್ಯವಸ್ಥೆ ಮಾಡುವ ಕೆಲಸ ನನ್ನ ತಲೆಗೆ ಬಂತು. ಎರಡು ರೀತಿ ಮಾಡಿ ನೋಡಿದೆವು. ಒಂದಕ್ಕೆ ದುಡ್ಡು ಕೊಟ್ಟು ಕೈ ಸುಟ್ಟುಕೊಂಡೆವು. ಇನ್ನೊಂದು ಪುಕ್ಕಟೆ, ಈಗಲೂ ನಡೆಯುತ್ತಿದೆ.

ಮನೆಗೇ ತಲುಪಿಸಬಹುದಲ್ವಾ ಅಂತ ಕೇಳುತ್ತೀರಿ. ಹೋಳಿಗೆ ಅದಕ್ಕೆ ಒಗ್ಗುವ ಪದಾರ್ಥ ಅಲ್ಲ. ಬಿಸಿ ಇದ್ದಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಬೆವರುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬೈಕಿನ ಬ್ಯಾಗಿನಲ್ಲಿ ಅಡ್ಡ ಬಿದ್ದರೆ ಮನೆ ಸೇರುವ ಹೊತ್ತಿಗೆ ಹೂರಣ ಒಂದು ಕಡೆ, ಕಣಕ ಒಂದು ಕಡೆ. ಗಿರಾಕಿ ತಾನೇ ಬಂದು, ಬಟರ್ ಪೇಪರ್ ಮಧ್ಯೆ ಜೋಡಿಸಿದ್ದನ್ನು ಮಟ್ಟಸವಾಗಿ ಹಿಡಿದುಕೊಂಡು ಹೋದರೆ ಮಾತ್ರ ಅದಕ್ಕೆ ಮರ್ಯಾದೆ. ಅದಕ್ಕೇ ನಮಗೆ ಬೇಕಿದ್ದದ್ದು ಇಷ್ಟೇ. ಆರ್ಡರ್ ಫೋನಿನಲ್ಲಿ ಆಗಲಿ, ಪಾರ್ಸಲ್ ಅಂಗಡಿಯಲ್ಲಿ ಸಿಗಲಿ.

ಮೊದಲು ಹೋಗಿದ್ದು ವೆಬ್‌ಸೈಟ್ ಮಾಡಿಕೊಡುವ ಒಂದು ಕಂಪನಿ ಹತ್ತಿರ. ಹೆಸರು ಬೇಡ. ವರ್ಷದ ಪ್ಲಾನ್, ಆರು ಸಾವಿರದ ಹತ್ತಿರ. ಡೆಮೊ ನೋಡಿದಾಗ ಚೆನ್ನಾಗೇ ಇತ್ತು. 2025ರ ಯುಗಾದಿ ಮಾರ್ಚ್ 30ಕ್ಕೆ, ಅದೂ ಭಾನುವಾರ. ಎರಡು ವಾರ ಮೊದಲೇ ತಯಾರಾದೆವು. ಗಿರಾಕಿ ಮೊದಲು ಅಕೌಂಟ್ ಮಾಡಬೇಕು, ಓಟಿಪಿ ಹಾಕಬೇಕು, 'ಅಂಗಡಿಗೆ ಬಂದು ತಗೋತೀನಿ' ಅನ್ನುವುದನ್ನು ಒತ್ತಿದರೂ ಮನೆ ವಿಳಾಸ, ಪಿನ್‌ಕೋಡ್ ಎಲ್ಲ ಕೇಳುತ್ತದೆ. ಎದುರು ರಸ್ತೆಯ ಆಂಟಿಯೊಬ್ಬರು ಪಿನ್‌ಕೋಡ್ ತನಕ ಹೋಗಿ, ಫೋನ್ ಕೆಳಗಿಟ್ಟು, ಎದ್ದು ಅಂಗಡಿಗೇ ಬಂದುಬಿಟ್ಟರು. ಅದಕ್ಕಿಂತ ಕಷ್ಟ ಆಗಿದ್ದು ಹಬ್ಬದ ದಿನ. ಯಾವಾಗ ಬರುತ್ತೀರಿ ಅಂತ ಕೇಳುವ ಜಾಗವೇ ಅದರಲ್ಲಿ ಇರಲಿಲ್ಲ. ಆರ್ಡರ್ ಮಾಡಿದ ಎಲ್ಲರೂ ಒಂಬತ್ತೂವರೆಗೆ ಒಟ್ಟಿಗೆ ಬಂದರು. ಮೊದಲು ಒಂದು ಸಾಲು ಇತ್ತು, ಈಗ ಎರಡಾಯಿತು, ಆನ್‌ಲೈನ್‌ನವರದ್ದು ಒಂದು, ನಿಂತವರದ್ದು ಒಂದು, ಎರಡೂ ಕಡೆಯವರು ಅತ್ತಿಗೆಯನ್ನೇ ಬೈದರು. ಸಂಜೆ ಅತ್ತಿಗೆ ಎರಡೇ ಮಾತು ಹೇಳಿದ್ದು. "ಇದು ಬೇಡ ಕಣೋ. ತೆಗೆದುಹಾಕು."

ಆಮೇಲೆ ಹಾಕಿಕೊಂಡಿದ್ದು ವಾಟ್ಸಾಪ್ ಬಿಸಿನೆಸ್ ಆ್ಯಪ್. ಹೊಸದೇನಲ್ಲ, ಭಾರತಕ್ಕೆ ಬಂದಿದ್ದು 2018ರಲ್ಲೇ. ಕ್ಯಾಟಲಾಗ್ (ಫೋಟೋ, ರೇಟ್ ಸಮೇತ ಐಟಂ ಪಟ್ಟಿ) 2019ರ ಕೊನೆಗೆ ಬಂತು, ಕಾರ್ಟ್ (ಅದರಲ್ಲಿ ಬೇಕಾದ್ದನ್ನು ಆರಿಸಿ ಒಟ್ಟಿಗೆ ಆರ್ಡರ್ ಕಳಿಸುವುದು) 2020ರ ಡಿಸೆಂಬರ್‌ಗೆ. ಆ್ಯಪ್‌ಗೆ ದುಡ್ಡಿಲ್ಲ (ದೊಡ್ಡ ಕಂಪನಿಗಳು ತಮ್ಮ ಸಾಫ್ಟ್‌ವೇರಿಗೆ ವಾಟ್ಸಾಪ್ ಜೋಡಿಸಿಕೊಳ್ಳಲು ಬಳಸುವ ಎಪಿಐ ಬೇರೆ, ಅದಕ್ಕೆ ದುಡ್ಡುಂಟು, ನಮ್ಮಂಥ ಅಂಗಡಿಗೆ ಅದರ ಕಡೆ ತಿರುಗಿ ನೋಡುವ ಕೆಲಸವೂ ಇಲ್ಲ). ನಂಬರ್ ವಿಷಯದಲ್ಲಿ ಒಂದು ಉಪಾಯ ಹೇಳುತ್ತೇನೆ. ಇದಕ್ಕೆ ಮೊಬೈಲ್ ನಂಬರೇ ಆಗಬೇಕು ಅಂತಿಲ್ಲ, ಲ್ಯಾಂಡ್‌ಲೈನ್ ಕೂಡ ಆಗುತ್ತದೆ, ಎಸ್ಸೆಮ್ಮೆಸ್ ಬದಲು ಕರೆ ಮಾಡಿ ಕೋಡ್ ಹೇಳುತ್ತದೆ. ನಮ್ಮ ಅಂಗಡಿ ಬೋರ್ಡ್ ಮೇಲೆ ವರ್ಷಗಟ್ಟಲೆಯಿಂದ ಇದ್ದ ಹಳೇ ಲ್ಯಾಂಡ್‌ಲೈನ್ ನಂಬರಿನ ಮೇಲೆಯೇ ವಾಟ್ಸಾಪ್ ಬಂತು. ಅಣ್ಣನ ಸ್ವಂತ ನಂಬರ್ ಬಚಾವಾಯಿತು. ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೂ "ಕಾಯಿ ಹೋಳಿಗೆ ಇದ್ಯಾ" ಅಂತ ಮೆಸೇಜು.

ಕ್ಯಾಟಲಾಗ್‌ಗೆ 500 ಐಟಂ ತನಕ ಹಾಕಬಹುದು. ನಮ್ಮದು ಇಪ್ಪತ್ತೆರಡು. ಬಾಳೆ ಎಲೆ ಮೇಲಿಟ್ಟು, ಬಾಗಿಲ ಬಳಿ ಬೆಳಕಿನಲ್ಲಿ ಫೋಟೋ ತೆಗೆದು, ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಐಟಂ ತುಂಬುವಾಗ ಅದು ಯಾವ ದೇಶದ್ದು ಅಂತಲೂ ಒಂದು ಜಾಗ ಇದೆ. ಕೋಡುಬಳೆ ಯಾವ ದೇಶದ್ದಪ್ಪ ಅಂತ ಅತ್ತಿಗೆ ನಕ್ಕರು. ಹೆಸರನ್ನು ಮಾತ್ರ 'ಬೇಳೆ ಹೋಳಿಗೆ, ಒಬ್ಬಟ್ಟು' ಅಂತ ಎರಡೂ ಸೇರಿಸಿ ಬರೆಯಿರಿ. ಒಂದೇ ಬೀದಿಯಲ್ಲಿ ಒಬ್ಬರು ಹೋಳಿಗೆ ಅಂತ ಹುಡುಕುತ್ತಾರೆ, ಇನ್ನೊಬ್ಬರು ಒಬ್ಬಟ್ಟು ಅಂತ.

ಇಷ್ಟೆಲ್ಲ ಮಾಡಿದ ಮೇಲೆ ಕಾರ್ಟ್‌ನಲ್ಲಿ ಬಂದ ಆರ್ಡರ್ ಎಷ್ಟು ಗೊತ್ತಾ? ಹತ್ತರಲ್ಲಿ ಮೂರು ಇರಬಹುದು. ಉಳಿದದ್ದೆಲ್ಲ ವಾಯ್ಸ್ ಮೆಸೇಜ್. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಯಜಮಾನರಿದ್ದಾರೆ, ಅವರದ್ದು ಯಾವಾಗಲೂ ಒಂದೇ ರೀತಿ. "ಅಮ್ಮಾ, ಬೇಳೇದು ಹತ್ತು, ಕಾಯಿದು ಐದು, ಹೋದ್ಸಲ ಮಾಡಿದ್ರಲ್ಲ, ಹಾಗೇ." ಕ್ಯಾಟಲಾಗ್ ಅಂಥವರಿಗೆ ರೇಟ್ ಬೋರ್ಡ್ ಅಷ್ಟೇ. ನಾನು ಮೊದಲು ಬೇಜಾರು ಮಾಡಿಕೊಂಡೆ, ಆಮೇಲೆ ಅನ್ನಿಸಿತು, ಅದರಲ್ಲಿ ತಪ್ಪೇನು? ಜನಕ್ಕೆ ಮಾತಾಡಿ ಆರ್ಡರ್ ಮಾಡುವುದು ಸುಲಭ, ಅದನ್ನು ಕೇಳಿ ಚೀಟಿ ಬರೆಯುವುದು ಅತ್ತಿಗೆಗೂ ಸುಲಭ. ಕಾರ್ಟ್‌ನಲ್ಲಿ ಕಳಿಸಿದವರು ಒಮ್ಮೆ ಕಳಿಸಿದರೆ ಮತ್ತೆ ಅದನ್ನು ತಿದ್ದಲು ಆಗುವುದಿಲ್ಲ, "ಎರಡು ಜಾಸ್ತಿ ಮಾಡಿ" ಅಂತ ಕೆಳಗೆ ಮೆಸೇಜ್ ಹಾಕುತ್ತಾರೆ, ಅದನ್ನು ನೋಡದೆ ಪ್ಯಾಕ್ ಮಾಡಿ ನಾವು ಬೈಸಿಕೊಂಡಿದ್ದೂ ಇದೆ. ಇನ್ನೊಂದು ಗೊತ್ತಿರಲಿ, ಸ್ಟಾಕ್ ಲೆಕ್ಕ ಈ ಆ್ಯಪ್ ಇಡುವುದಿಲ್ಲ. ನಿಪ್ಪಟ್ಟು ಖಾಲಿಯಾದರೆ ನೀವೇ ಹೋಗಿ ಆ ಐಟಂ ಮರೆಮಾಡಬೇಕು. ಮರೆತರೆ ಆರ್ಡರ್ ಬರುತ್ತಲೇ ಇರುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆರ್ಡರ್ ತಗೊಳ್ಳುವುದು ಯಾವ ಆ್ಯಪ್‌ನಲ್ಲಾದರೂ ಆಗುತ್ತದೆ. ಬಂದವರಿಗೆ ಹೇಳಿದ ಹೊತ್ತಿಗೆ ಪಾರ್ಸಲ್ ಸಿಗುತ್ತದೋ ಇಲ್ಲವೋ ಅನ್ನುವುದು ನಿಂತಿರುವುದು ಕಾವಲಿ ಮೇಲೆ. ನಮ್ಮಲ್ಲಿ ಇಬ್ಬರು ತಟ್ಟಿ ಒಬ್ಬರು ಬೇಯಿಸಿದರೆ ಗಂಟೆಗೆ ಹೆಚ್ಚೆಂದರೆ ನೂರಿಪ್ಪತ್ತು ಹೋಳಿಗೆ. ಅಂದರೆ ಅರ್ಧ ಗಂಟೆಗೆ ಅರವತ್ತು. ಅದರಲ್ಲಿ ನಲವತ್ತೈದು ಆರ್ಡರ್‌ನವರಿಗೆ, ಹದಿನೈದು ಸಾಲಿನಲ್ಲಿ ನಿಂತವರಿಗೆ. ಈ ಲೆಕ್ಕ ಯಾವ ಸಾಫ್ಟ್‌ವೇರೂ ಕೊಟ್ಟಿದ್ದಲ್ಲ, ಅತ್ತಿಗೆ ಗೋಡೆ ಗಡಿಯಾರ ನೋಡಿಕೊಂಡು ಎರಡು ಭಾನುವಾರ ಎಣಿಸಿದ್ದು. ಒಂದು ರಟ್ಟಿನ ಮೇಲೆ ಏಳು, ಏಳೂವರೆ, ಎಂಟು ಅಂತ ಗೆರೆ ಹಾಕಿ ಕಾವಲಿ ಎದುರು ನೇತುಹಾಕಿದೆವು. ಆರ್ಡರ್ ಬಂದ ತಕ್ಷಣ ಮೊದಲ ಪ್ರಶ್ನೆ ಒಂದೇ, ಎಷ್ಟು ಗಂಟೆಗೆ ಬರ್ತೀರಿ? ಅದಕ್ಕೆ ಕ್ವಿಕ್ ರಿಪ್ಲೈ ಮಾಡಿಟ್ಟಿದ್ದೇನೆ, ಒಂದು ಒತ್ತಿದರೆ ಖಾಲಿ ಇರುವ ಸಮಯಗಳ ಪಟ್ಟಿ ಹೋಗುತ್ತದೆ. ನಲವತ್ತೈದು ತುಂಬಿದರೆ ಆ ಸಮಯ ಹೊಡೆದುಹಾಕು, ಯಾರೇ ಕೇಳಲಿ. ಅಣ್ಣನಿಗೆ ಇದೇ ಕಷ್ಟ. ಪರಿಚಯದವರು ಕೇಳಿದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ ಅವನಿಗೆ.

ಲೇಬಲ್ ಅನ್ನುವ ಸೌಲಭ್ಯ ನನಗೆ ತುಂಬ ಹಿಡಿಸಿತು. ಚಾಟ್‌ಗೆ ಬಣ್ಣ ಹಚ್ಚಬಹುದು. 'ದುಡ್ಡು ಬಂತು', 'ಪ್ಯಾಕ್ ಆಯ್ತು', 'ತಗೊಂಡು ಹೋದ್ರು' ಅಂತ ಮೂರು ಮಾಡಿಕೊಂಡಿದ್ದೇವೆ. ಒಂದೇ ನಂಬರಿಗೆ ನಾಲ್ಕು ಬೇರೆ ಡಿವೈಸ್ ಸೇರಿಸಬಹುದಾದ್ದರಿಂದ, ಅಂಗಡಿಯಲ್ಲಿ ಅತ್ತಿಗೆ ಫೋನ್, ಮನೆಯಲ್ಲಿ ನನ್ನ ಲ್ಯಾಪ್‌ಟಾಪ್, ಇಬ್ಬರೂ ಒಟ್ಟಿಗೆ ನೋಡಬಹುದು. ಹಬ್ಬದ ಹಿಂದಿನ ದಿನ ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜ್ ಒಟ್ಟಿಗೆ ಎಲ್ಲ ಗಿರಾಕಿಗಳಿಗೂ, ಕಳಿಸುತ್ತೇವೆ. ಒಂದು ಲಿಸ್ಟ್‌ಗೆ 256 ಜನ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಹೋಗುತ್ತದೆ. ಅದಕ್ಕೇ ಪ್ರತಿ ಪಾರ್ಸಲ್ ಮೇಲೂ 'ನಂಬರ್ ಸೇವ್ ಮಾಡ್ಕೊಳ್ಳಿ' ಅಂತ ಚೀಟಿ.

ಗೌರಿ ಹಬ್ಬ 2025ರ ಆಗಸ್ಟ್ 26ಕ್ಕೆ, ಮಾರನೇ ದಿನವೇ ಗಣೇಶ. ಆವತ್ತು ನಾವು ಮಾಡಿದ ತಪ್ಪು, ಪಾರ್ಸಲ್ ಮೇಲೆ ಹೆಸರು ಮಾತ್ರ ಬರೆದಿದ್ದು. ಎಂಟೂವರೆ ಸಮಯಕ್ಕೆ ಮೂರು ಜನ ಲಕ್ಷ್ಮಿ. ಕಾಯಿ ಹೋಳಿಗೆ ಹೇಳಿದ ಲಕ್ಷ್ಮಿಗೆ ಬೇಳೇದು ಹೋಯಿತು, ಅವರು ಮನೆಗೆ ಹೋಗಿ ಬಿಚ್ಚಿ ನೋಡಿ ವಾಪಸ್ ಬರುವಷ್ಟರಲ್ಲಿ ಅವರದ್ದು ಇನ್ನೊಬ್ಬ ಲಕ್ಷ್ಮಿಯ ಮನೆಯ ನೈವೇದ್ಯಕ್ಕೆ ಇಟ್ಟಾಗಿತ್ತು. ಕೇಳಲೂ ಆಗುವುದಿಲ್ಲ! ಮಾರನೇ ದಿನದಿಂದ ಮೊಬೈಲ್ ನಂಬರಿನ ಕೊನೇ ನಾಲ್ಕು ಅಂಕಿ, ಮಾರ್ಕರ್‌ನಲ್ಲಿ ದೊಡ್ಡದಾಗಿ. ಹೆಸರು ಆಮೇಲೆ.

ದುಡ್ಡಿನ ವಿಷಯ. ವೆಬ್‌ಸೈಟ್‌ನ ಪೇಮೆಂಟ್ ಗೇಟ್‌ವೇಯಲ್ಲಿ ನಮಗೆ ಶೇಕಡಾ ಎರಡರಷ್ಟು ಹೋಗುತ್ತಿತ್ತು, ಅದರ ಮೇಲೆ ಜಿಎಸ್‌ಟಿ. ಬ್ಯಾಂಕ್ ಖಾತೆಯಿಂದ ನೇರ ಯುಪಿಐ ಮಾಡಿದರೆ ವ್ಯಾಪಾರಿಗೆ 2020ರ ಜನವರಿಯಿಂದ ಎಂಡಿಆರ್ (ಪ್ರತಿ ಪಾವತಿಗೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕ) ಇಲ್ಲ. ಹಾಗಾಗಿ ಚಾಟ್‌ನಲ್ಲೇ ಕ್ಯೂಆರ್ ಕಳಿಸುತ್ತೇವೆ. ತಮಾಷೆ ಏನಂದರೆ ಕೌಂಟರ್ ಮೇಲಿನ ಸೌಂಡ್‌ಬಾಕ್ಸ್. ಎದುರು ನಿಂತವರು ದುಡ್ಡು ಹಾಕಿದರೆ ಅದು ಕೂಗಿದ್ದು ಯಾರದ್ದು ಅಂತ ಗೊತ್ತು. ಮನೆಯಲ್ಲಿ ಕೂತು ಹಾಕಿದರೆ? ಅಂಗಡಿಯಲ್ಲಿ ಯಾರೂ ಇಲ್ಲದಾಗ ಡಬ್ಬಿ ತಾನಾಗಿ "ಇನ್ನೂರ ಐವತ್ತು ರೂಪಾಯಿ" ಅನ್ನುತ್ತದೆ, ಅತ್ತಿಗೆ ತಟ್ಟುತ್ತಿದ್ದ ಕೈ ನಿಲ್ಲಿಸಿ "ಯಾರಪ್ಪಾ ಅದು" ಅಂತ ಅದನ್ನೇ ಕೇಳುತ್ತಾರೆ. ಹತ್ತು ಬೇಳೆ ಹೋಳಿಗೆ ಅಂದರೆ ಎಲ್ಲರದ್ದೂ ಇನ್ನೂರ ಐವತ್ತೇ ಅಲ್ವಾ. ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಹನ್ನೆರಡು ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಇರುತ್ತದಲ್ಲ, ಅದನ್ನು ಕಳಿಸಲು ಹೇಳಿ, ನಿಮ್ಮ ಆ್ಯಪ್‌ನಲ್ಲಿ ತಾಳೆ ನೋಡಿ, ಆಮೇಲೆ ಲೇಬಲ್ ಹಾಕಿ.

ಯುಪಿಐ ಅಂದರೆ ಹೆದರುವ ಅಂಗಡಿಯವರು ಈಗಲೂ ಇದ್ದಾರೆ, ಅದಕ್ಕೆ ಕಾರಣವೂ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ಕ್ಯೂಆರ್ ಕಿತ್ತುಹಾಕಿ 'ಕ್ಯಾಶ್ ಮಾತ್ರ' ಅಂತ ಬರೆದುಕೊಂಡವು. ಅಣ್ಣನೂ ಒಂದು ವಾರ ಕ್ಯೂಆರ್ ತೆಗೆದು ಡ್ರಾಯರ್‌ಗೆ ಹಾಕಿದ್ದ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆಗೆ 20 ಲಕ್ಷ. ನಿಮ್ಮ ಲೆಕ್ಕ ಅದರೊಳಗೆ ಇದೆಯೋ ಇಲ್ಲವೋ ಅಂತ ತೋರಿಸಲು ಅಂಗಡಿಗೇ ಬೇರೆ ಖಾತೆ ಇರಬೇಕು. ಅಣ್ಣನ ಖಾತೆಯಲ್ಲಿ ಚೀಟಿ ದುಡ್ಡು, ಬಾಡಿಗೆ, ಮಾವನವರು ಕೊಟ್ಟ ಸಾಲ ಎಲ್ಲ ಬೆರೆತಿತ್ತು. ಕ್ಯೂಆರ್ ವಾಪಸ್ ಹಾಕುವ ಮೊದಲು ಮಾಡಿದ್ದು ಕರೆಂಟ್ ಅಕೌಂಟ್.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಪ್ರೊಫೈಲ್ ಇಟ್ಟುಕೊಳ್ಳಿ, ಅದೂ ಪುಕ್ಕಟೆ. ಹಬ್ಬದ ದಿನದ ಸಮಯ ಬೇರೆ ಹಾಕಲು ಬರುತ್ತದೆ. ಆದರೆ ಎಲ್ಲವನ್ನೂ ಅದರ ಮೇಲೇ ಬಿಡಬೇಡಿ. ಪ್ರೊಫೈಲ್ ಜೊತೆ ಗೂಗಲ್ ಪುಕ್ಕಟೆ ಕೊಡುತ್ತಿದ್ದ ವೆಬ್‌ಸೈಟ್ 2024ರ ಮಾರ್ಚ್‌ಗೆ ನಿಂತಿತು, ಚಾಟ್ ಅದೇ ವರ್ಷದ ಜುಲೈಗೆ. ವಾಟ್ಸಾಪೂ ನಾಳೆ ಏನು ಮಾಡುತ್ತದೋ, ಅದಕ್ಕೇ ಗಿರಾಕಿಗಳ ನಂಬರ್ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇವೆ.

ವಾಟ್ಸಾಪ್ ಬಿಸಿನೆಸ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಸ್ಟಾಕ್ ಲೆಕ್ಕ ಇಲ್ಲ ಅಂತ. ದಿನಕ್ಕೆ ಮೂವತ್ತು, ನಲವತ್ತು ಆರ್ಡರ್ ಬರುವ ಹೋಳಿಗೆ, ಬೇಕರಿ, ಹೂವು, ಸ್ಟೇಷನರಿ ಅಂಗಡಿಗಳಿಗೆ ಇದು ಸಾಕು. ಸಾವಿರ ಐಟಂ ಇರುವ ದಿನಸಿ ಅಂಗಡಿಗೆ ಆಗುವುದಿಲ್ಲ.

ಬಗೆಹರಿಯದ ಒಂದು ವಿಷಯ ಇದೆ, ಆರ್ಡರ್ ಮಾಡಿ ಬಾರದೇ ಇರುವವರು. ಗೌರಿ ಹಬ್ಬದ ದಿನ ಮೂರು ಪಾರ್ಸಲ್ ಉಳಿಯಿತು. ಈಗ ಅರ್ಧ ದುಡ್ಡು ಮೊದಲೇ ತಗೊಳ್ಳುತ್ತೇವೆ, ಆವತ್ತು ತಗೊಂಡಿರಲಿಲ್ಲ. ಫೋನ್ ಮಾಡಿದರೆ ಒಬ್ಬರು ತೆಗೆಯಲಿಲ್ಲ, ಇನ್ನೊಬ್ಬರು "ಅಯ್ಯೋ, ನಮ್ಮತ್ತೆ ಮನೇಲೇ ಮಾಡ್ಬಿಟ್ರು" ಅಂದರು. ಆ ಎರಡನ್ನು ರಾತ್ರಿ ನಾವೇ ತುಪ್ಪ ಹಾಕಿಕೊಂಡು ತಿಂದೆವು. ಮೂರನೆಯವರು ಬೆಳಿಗ್ಗೆ ಒಂಬತ್ತರ ಸಮಯದವರು, ರಾತ್ರಿ ಎಂಟೂವರೆಗೆ ಷಟರ್ ಅರ್ಧ ಎಳೆದ ಮೇಲೆ ಬಗ್ಗಿಕೊಂಡು ಒಳಗೆ ಬಂದು, ಪಾರ್ಸಲ್ ಮುಟ್ಟಿ ನೋಡಿ, "ಬಿಸಿ ಇಲ್ವಲ್ಲಮ್ಮ?" ಅಂದರು.