ಬ್ಲಾಗಿಗೆಂದು ಹುಟ್ಟಿದ ವರ್ಡ್‌ಪ್ರೆಸ್, ರಿಪೇರಿ ಕಸುಬಿಗೆ ಬಂದಾಗ

ಹೊಲಿಗೆ ಯಂತ್ರ ರಿಪೇರಿ ಮಾಡುವುದು, ಬಿಡಿಭಾಗ ಮಾರುವುದು ನನ್ನ ಕಸುಬು. ಯಾರಿಗೂ ಕೆಲಸ ಒಪ್ಪಿಸದೆ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಾನೇ ವೆಬ್‌ಸೈಟ್ ಕಟ್ಟಿಕೊಂಡು ಎರಡು ವರ್ಷವಾಯಿತು. ಸ್ಕ್ರೂಡ್ರೈವರ್ ಹಿಡಿಯುವ ಕೈಗೆ ಇದು ಆಗುತ್ತದಾ ಎಂದು ಕೇಳುವವರಿಗೆ ನನ್ನ ಉತ್ತರ: ಆಗುತ್ತದೆ, ಆದರೆ ಅದರ ಹುಟ್ಟುಗುಣ ಗೊತ್ತಿರಬೇಕು.

2003ರಲ್ಲಿ ಮ್ಯಾಟ್ ಮುಲೆನ್‌ವೆಗ್, ಮೈಕ್ ಲಿಟಲ್ ಸೇರಿ ಇದನ್ನು ಶುರುಮಾಡಿದ್ದು ಬ್ಲಾಗ್ ಬರೆಯುವವರಿಗಾಗಿ. ದಿನಾಂಕದ ಹಂಗಿಲ್ಲದ ‘ಪೇಜ್’ ಬಂದದ್ದೇ 2005ರ 1.5ನೇ ಆವೃತ್ತಿಯಲ್ಲಿ. ಈಗಲೂ ಹೊಸದಾಗಿ ಹಾಕಿಕೊಂಡರೆ ‘ಹಲೋ ವರ್ಲ್ಡ್’ ಎಂಬ ಪೋಸ್ಟ್ ಇರುತ್ತದೆ, ಅದರಡಿ ಒಂದು ಕಾಮೆಂಟೂ ಇರುತ್ತದೆ. ಬೆಲ್ಟ್ ಹುಡುಕಿಕೊಂಡು ಬಂದ ಗಿರಾಕಿಗೆ ಅದರಿಂದ ಏನಾಗಬೇಕು? ಎರಡನ್ನೂ ಅಳಿಸಿ, ಸೆಟ್ಟಿಂಗ್ಸ್‌ನ ‘ರೀಡಿಂಗ್’ಗೆ ಹೋಗಿ ಮುಖಪುಟಕ್ಕೆ ಒಂದು ಸ್ಥಿರ ಪೇಜ್ ಆರಿಸಿದೆ. ಆಗ ಅದಕ್ಕೆ ಅಂಗಡಿಯ ಕಳೆ ಬಂತು.

ನಾನು ಎಡವಿದ್ದೂ ಅದೇ ‘ರೀಡಿಂಗ್’ನಲ್ಲಿ. ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿಗೆ ಸೇರಿಸದಿರಲಿ ಎಂದು ಹೇಳುವ ಒಂದು ಟಿಕ್ ಬಾಕ್ಸ್ ಅಲ್ಲಿದೆ. ಅರ್ಧಂಬರ್ಧ ಕೆಲಸ ಜನರಿಗೆ ಕಾಣಬಾರದೆಂದು ಮೊದಲ ದಿನವೇ ಟಿಕ್ ಹಾಕಿದ್ದೆ. ಕೆಲಸ ಮುಗಿದ ಮೇಲೆ ತೆಗೆಯಬೇಕಿತ್ತು, ಮರೆತೆ. ಎರಡು ತಿಂಗಳು ಒಂದು ಫೋನೂ ಇಲ್ಲ. ಸೈಟಿನ ಹೊರನೋಟ ತೀರ್ಮಾನಿಸುವ ಥೀಮ್ ಸರಿಯಿಲ್ಲವೆಂದು ಬದಲಾಯಿಸಿದೆ, ಸೈಟ್ ಇಡಲು ಜಾಗ ಕೊಡುವ ಹೋಸ್ಟಿಂಗ್‌ನವರ ಜೊತೆ ಜಗಳಾಡಿದೆ. ಕೊನೆಗೆ ಅವರ ಕಡೆಯ ಹುಡುಗನೇ, ‘ಸರ್, ಆ ಟಿಕ್ ಒಮ್ಮೆ ನೋಡ್ತೀರಾ?’ ಅಂದ. ಪ್ಲಗ್ ಹಾಕದೆ ಮೋಟಾರ್ ಬಿಚ್ಚಿ ಕೂತವನ ಕಥೆ.

ಫೋಟೋ ವಿಷಯದಲ್ಲಿ ಮಾತ್ರ ಜಾಣ ತಂತ್ರಾಂಶ. ಮೊಬೈಲಿನಲ್ಲಿ ತೆಗೆದ ಬಾಬಿನ್ ಕೇಸ್ (ಕೆಳದಾರದ ಉರುಳೆ ಕೂರುವ ಡಬ್ಬಿ) ಚಿತ್ರ ನಾಲ್ಕು ಸಾವಿರ ಪಿಕ್ಸೆಲ್ ಅಗಲವಿದ್ದರೂ, 2019ರ 5.3ನೇ ಆವೃತ್ತಿಯಿಂದೀಚೆಗೆ ಅದೇ 2560ಕ್ಕೆ ಇಳಿಸಿಕೊಳ್ಳುತ್ತದೆ, ಸಣ್ಣ ಅಳತೆಯ ಪ್ರತಿಗಳನ್ನೂ ಮಾಡಿಟ್ಟುಕೊಳ್ಳುತ್ತದೆ. ಹಾಗೆಂದು ಮಸುಕು ಫೋಟೋ ಚೊಕ್ಕಟವಾಗುವುದಿಲ್ಲ. ಬಿಳಿ ಬಟ್ಟೆಯ ಮೇಲಿಟ್ಟು ಕಿಟಕಿ ಬೆಳಕಿನಲ್ಲಿ ತೆಗೆಯಿರಿ.

ವರ್ಡ್‌ಪ್ರೆಸ್‌ಗೆ ಹೊಸ ಸೌಲಭ್ಯ ಸೇರಿಸುವ ತುಣುಕು ತಂತ್ರಾಂಶವೇ ಪ್ಲಗಿನ್. ಪ್ಲಗಿನ್ ಎಂದರೆ ಆಸೆ. ಹದಿನಾಲ್ಕು ಹಾಕಿದ್ದೆ. ಒಂದು ಬೆಳಿಗ್ಗೆ ಫಾರ್ಮ್ ಪ್ಲಗಿನ್ ಒಂದನ್ನು ಅಪ್‌ಡೇಟ್ ಮಾಡಿದ್ದೇ ತಡ, ಸೈಟ್ ಹೋಗಿ ಒಂದು ಸಾಲಿನ ದೋಷದ ಸಂದೇಶ ಉಳಿಯಿತು. ಇಂಥ ಹೊತ್ತಿನಲ್ಲಿ ಒಳಗೆ ಹೋಗಲು ವರ್ಡ್‌ಪ್ರೆಸ್ಸೇ ಅಡ್ಮಿನ್ ವಿಳಾಸಕ್ಕೆ ಒಂದು ಲಿಂಕ್ ಮೇಲ್ ಮಾಡುತ್ತದೆ. ನನಗೂ ಮಾಡಿತ್ತು, ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೆಯ ಮೇಲ್‌ಗೆ! ಈಗ ಐದೇ ಪ್ಲಗಿನ್, ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್. ಆನ್‌ಲೈನ್ ಅಂಗಡಿ ನಡೆಸುವ ಪ್ಲಗಿನ್ ವೂಕಾಮರ್ಸ್ ಕೂಡ ಹಾಕಿ ತೆಗೆದೆ. ನಲವತ್ತು ಬಿಡಿಭಾಗಕ್ಕೆ ಕಾರ್ಟ್, ಶಿಪ್ಪಿಂಗ್ ಎಂದೆಲ್ಲ ಯಾಕೆ, ಫೋನ್ ನಂಬರ್ ಸಾಕು.

ತಂತ್ರಾಂಶ ಉಚಿತ, ಡೊಮೇನ್ ಮತ್ತು ಹೋಸ್ಟಿಂಗ್‌ಗೆ ದುಡ್ಡು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಇಳಿಸಿಕೊಂಡು ನಾವೇ ನಡೆಸುವಂಥದ್ದು, ಡಾಟ್ ಕಾಮ್ ಅವರೇ ನಡೆಸಿಕೊಡುವ ಸೇವೆ. ನನ್ನದು ಮೊದಲನೆಯದು.

ತಮಾಷೆಯೆಂದರೆ, ನಾನು ಮುಚ್ಚಿಡಲು ಹೊರಟ ಬ್ಲಾಗ್ ಭಾಗವೇ ಈಗ ಗಿರಾಕಿಗಳನ್ನು ತರುತ್ತಿದೆ. ‘ಬಟ್ಟೆಯಡಿ ದಾರ ಗಂಟಾಗುವುದೇಕೆ’ ಎಂದು ಒಂದು ಪೋಸ್ಟ್ ಬರೆದೆ. ಎಲ್ಲರೂ ಬಾಬಿನ್‌ಗೆ ಬೈಯುತ್ತಾರೆ, ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಟ್ಟೆ ಒತ್ತಿಹಿಡಿಯುವ ಪ್ರೆಸ್ಸರ್ ಫುಟ್ ಎತ್ತದೆ ದಾರ ಪೋಣಿಸಿದರೆ ಅದು ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂರುವುದಿಲ್ಲ. ಇಷ್ಟೇ ವಿಷಯ, ಎರಡು ಫೋಟೋ. ‘ನಮ್ಮ ಬಗ್ಗೆ’ ಪೇಜ್‌ಗೆ ವಾರವಿಡೀ ತಲೆ ಕೆಡಿಸಿಕೊಂಡಿದ್ದೆ, ಅದನ್ನು ಓದುವವರೇ ಇಲ್ಲ. ಈ ಪೋಸ್ಟ್ ಓದಿದ ಒಬ್ಬರು ಮೊನ್ನೆ ಫೋನ್ ಮಾಡಿ, ‘ಸರಿಹೋಯ್ತು, ಯಂತ್ರ ತರೋದಿಲ್ಲ’ ಅಂದರು. ಫೋನಿಡುವ ಮುಂಚೆ ಸೂಜಿ ಇದೆಯಾ ಎಂದೂ ಕೇಳಿದರು.