ನಲ್ಲರ್‌ಬೋರೋ, ಸ್ಟುವರ್ಟ್ ಹೆದ್ದಾರಿಯೋ?

ಆಸ್ಟ್ರೇಲಿಯಾದ ಬರಡು ನಾಡನ್ನು ಒಬ್ಬರೇ ವ್ಯಾನ್‌ನಲ್ಲಿ ದಾಟಬೇಕಾ? ಎರಡೂ ಟಾರು ರಸ್ತೆಗಳೇ.

ದಕ್ಷಿಣದ ನಲ್ಲರ್‌ಬೋರ್ ಬಯಲನ್ನು ಪೂರ್ವ-ಪಶ್ಚಿಮವಾಗಿ ದಾಟುವ ಐರ್ ಹೆದ್ದಾರಿ ಸುಮಾರು 1,660 ಕಿ.ಮೀ. ಅದರಲ್ಲಿ 146 ಕಿ.ಮೀ. ಒಂದೂ ತಿರುವಿಲ್ಲ, ನಿದ್ದೆ ಎಳೆಯುತ್ತದೆ. ಆದರೆ ಅಲ್ಲಲ್ಲಿ ಸಮುದ್ರ ಹತ್ತಿರವೇ ಇದೆ. ಜುಲೈ, ಆಗಸ್ಟ್‌ನಲ್ಲಿ ಕಡಲತೀರದ ಹೆಡ್ ಆಫ್ ಬೈಟ್‌ಗೆ ಹೋದರೆ ಮರಿ ಜೊತೆ ತಿಮಿಂಗಿಲಗಳು ಕಾಣುತ್ತವೆ. ಹಣ್ಣು ಜಾಸ್ತಿ ತುಂಬಿಕೊಳ್ಳಬೇಡಿ, ಕೀಟ, ರೋಗ ಹರಡದಂತೆ ದಾರಿಯಲ್ಲಿ ನಡೆಸುವ ತಪಾಸಣೆಯಲ್ಲಿ ಸುಮ್ನೆ ಕಸದ ಡಬ್ಬಿಗೆ ಹೋಗುತ್ತದೆ.

ದಕ್ಷಿಣದ ಪೋರ್ಟ್ ಅಗಸ್ಟಾದಿಂದ ಉತ್ತರದ ಡಾರ್ವಿನ್‌ಗೆ ಹೋಗುವ ಸ್ಟುವರ್ಟ್ ಹೆದ್ದಾರಿ ಸುಮಾರು 2,700 ಕಿ.ಮೀ. ದಾರಿಯಲ್ಲಿ ಗ್ಲೆಂಡಾಂಬೊ ಎಂಬ ಪುಟ್ಟ ಊರು ಬಿಟ್ಟ ಮೇಲೆ ಕೂಬರ್ ಪೀಡಿ ಊರಿನವರೆಗೆ ಸುಮಾರು 250 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ. ಬಿಸಿಲು ತಾಳದೆ ಕೂಬರ್ ಪೀಡಿಯಲ್ಲಿ ಎಷ್ಟೋ ಜನ ನೆಲದಡಿಯೇ ಮನೆ ಮಾಡಿಕೊಂಡಿದ್ದಾರೆ. ಉಲುರು ಬಂಡೆಗೆ ಹೋಗಿಬರಲು ಇನ್ನೂ 500 ಕಿ.ಮೀ. ಸೇರಿಸಿ.

ಮೊದಲ ಸಲವಾದರೆ, ರಜೆಯೂ ಕಡಿಮೆ ಇದ್ದರೆ, ನನ್ನ ಮತ ನಲ್ಲರ್‌ಬೋರ್‌ಗೆ. ಎಲ್ಲಿ ಹೋದರೂ ಕತ್ತಲಾದ ಮೇಲೆ ಓಡಿಸಬೇಡಿ, ಕಾಂಗರೂ ಅಡ್ಡ ಬರುತ್ತವೆ.