ಗ್ರಂಥಿಸಾರವೋ, ಸಿದ್ಧ ಔಷಧವೋ: ಮೀನುಮರಿ ಉತ್ಪಾದಕರ ಆಯ್ಕೆ

ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳು ಮುಂಗಾರಿನ ನೆರೆ ಬಂದಾಗ ಹೊಳೆಯಲ್ಲಿ ತಾವಾಗಿಯೇ ಮೊಟ್ಟೆಯಿಟ್ಟರೂ ಕೊಳದ ನಿಂತ ನೀರಿನಲ್ಲಿ ಇಡುವುದಿಲ್ಲವಾದ್ದರಿಂದ, ಮರಿ ಬೇಕೆನ್ನುವವರಿಗೆ ಹಾರ್ಮೋನಿನ ಚುಚ್ಚುಮದ್ದು ಅನಿವಾರ್ಯ. ಶಿವಮೊಗ್ಗದ ಸಮೀಪದ ನಮ್ಮ ಕೊಳಗಳಲ್ಲಿ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರ, ಓವಾಪ್ರಿಮ್ ಮತ್ತು ಓವಟೈಡ್ ಎಂಬ ಸಿದ್ಧ ಔಷಧಗಳು, ಈ ಮೂರನ್ನೂ ಬಳಸಿ ನೋಡಿದ್ದೇನೆ.

ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು 1957ರಲ್ಲಿ ಒಡಿಶಾದಲ್ಲಿ ಯಶಸ್ವಿಗೊಳಿಸಿದ ಗ್ರಂಥಿಸಾರದ ವಿಧಾನ ಈಗಲೂ ಫಲ ಕೊಡುತ್ತದೆ. ಹೆಣ್ಣಿಗೆ ಕಿಲೋ ತೂಕಕ್ಕೆ ಮೊದಲು 2ರಿಂದ 3 ಮಿ.ಗ್ರಾಂ., ಸುಮಾರು 6 ಗಂಟೆಗಳ ಬಳಿಕ 5ರಿಂದ 8 ಮಿ.ಗ್ರಾಂ. ಕೊಡಬೇಕು, ಗಂಡಿಗೆ ಎರಡನೆಯ ಸರದಿಯಲ್ಲಿ ಒಮ್ಮೆ ಕೊಟ್ಟರೆ ಸಾಕು. ಆದರೆ ಬಲಿತ ಮೀನಿನಿಂದ ಸಕಾಲದಲ್ಲಿ ತೆಗೆದ ಗ್ರಂಥಿಗಿರುವ ಶಕ್ತಿ ಉಳಿದವಕ್ಕಿರುವುದಿಲ್ಲ, ಕೆಡದಂತೆ ಅವನ್ನಿಡುವ ಆಲ್ಕೋಹಾಲಿನ ಸೀಸೆಯಲ್ಲಿ ಮಾತ್ರ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ.

ಓವಾಪ್ರಿಮ್‌ನ ಪ್ರತಿ ಮಿ.ಲೀ.ನಲ್ಲಿ ಸಾಲ್ಮನ್ ಮೀನಿನ ಪ್ರಚೋದಕ ಹಾರ್ಮೋನನ್ನು ಹೋಲುವ 20 ಮೈಕ್ರೋಗ್ರಾಂ ಸಂಯುಕ್ತವೂ 10 ಮಿ.ಗ್ರಾಂ. ಡೊಂಪೆರಿಡೋನ್ ಕೂಡ ಇರುತ್ತವೆ. ಮೊದಲನೆಯದು ಮೀನಿನ ಸ್ವಂತ ಪಿಟ್ಯುಟರಿಯನ್ನೇ ಕೆಲಸಕ್ಕೆ ಹಚ್ಚುತ್ತದೆ, ಎರಡನೆಯದು ಅದಕ್ಕೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಒಡ್ಡುವ ತಡೆಯನ್ನು ತೆಗೆಯುತ್ತದೆ. ಹೀಗಾಗಿ ಒಂದೇ ಚುಚ್ಚುಮದ್ದು ಸಾಕು: ಕಿಲೋ ತೂಕದ ಹೆಣ್ಣು ಕಾಟ್ಲಾಕ್ಕೆ 0.4ರಿಂದ 0.5 ಮಿ.ಲೀ., ರೋಹುವಿಗೆ 0.3ರಿಂದ 0.4, ಮೃಗಾಲ್‌ಗೆ ಇನ್ನೂ ಸ್ವಲ್ಪ ಕಡಿಮೆ.

ಮಲೆನಾಡಿನಲ್ಲಿ ಬೆಲೆಗಿಂತ ನಾನು ಹೆಚ್ಚು ಲೆಕ್ಕಕ್ಕೆ ಹಿಡಿಯುವುದು ಈ ‘ಒಂದೇ ಸಲ’ವನ್ನು. ಆಷಾಢದ ಜಡಿಮಳೆಯಲ್ಲಿ, ನಡುರಾತ್ರಿ, ತಾಯಿಮೀನನ್ನು ಮತ್ತೆ ಹಾಪಾದಿಂದ (ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಯಿಂದ) ಎತ್ತಿ ಹಿಡಿದರೆ ಹೊಡೆದಾಡಿ ಹುರುಪೆ ಕಳೆದುಕೊಳ್ಳುತ್ತದೆ, ಆ ಗಾಯಕ್ಕೆ ತಂಪು ನೀರಿನಲ್ಲಿ ಬೂಷ್ಟು ಹತ್ತುತ್ತದೆ. ಕಾಟ್ಲಾ ಅಂತೂ ಮುಟ್ಟಿದರೇ ಸೊರಗುವ ಜಾತಿ. ನೀರು 27 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಂಜೆ ಚುಚ್ಚಿದ ಮೀನು ಬೆಳಗಿನ ಜಾವಕ್ಕೆ ಮೊಟ್ಟೆಯಿಡುತ್ತದೆ. ಥಂಡಿ ಹೆಚ್ಚಿದ ದಿನ ಯಾವ ಔಷಧವಾದರೂ ತಡವೇ.

ಓವಟೈಡ್ ಕೆಲಸ ಮಾಡುವ ಬಗೆಯೂ ಇದೇ. ಆದರೆ ಓವಾಪ್ರಿಮ್ ಸಣ್ಣ ಸೂಜಿಯಲ್ಲಿ ಎಳೆಯಲು ಹಟ ಮಾಡುವಷ್ಟು ಮಂದ, ಸೂಜಿ ತೆಗೆದಾಗ ಒಂದಿಷ್ಟು ಹೊರಗೆ ಜಿನುಗುವುದೂ ಉಂಟು. ಓವಟೈಡ್ ತೆಳುವಾಗಿದ್ದು ಸಲೀಸಾಗಿ ಒಳಹೋಗುತ್ತದೆ. ನನ್ನ ಕೈ ಈಗ ಅದರ ಕಡೆಗೇ ಹೋಗುತ್ತದೆ.

ಗ್ರಂಥಿಸಾರ ಗೆಲ್ಲುವ ಒಂದು ಸಂದರ್ಭವಿದೆ. ಹಂಗಾಮಿನ ಆರಂಭದಲ್ಲಿ ಹೆಣ್ಣುಗಳು ಒಂದೇ ಹದಕ್ಕೆ ಬಂದಿರುವುದಿಲ್ಲ. ಆಗ ಮೊದಲ ಸರದಿಯ ಬಳಿಕ ಹೊಟ್ಟೆಯ ಮೆದುತನ ನೋಡಿ ಎರಡನೆಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬಹುದು. ಹದಕ್ಕೇ ಬಾರದ ಮೀನಿಗೆ ಮೂರರಲ್ಲಿ ಯಾವುದನ್ನು ಕೊಟ್ಟರೂ ದಂಡ. ಇನ್ನು ಸಾಮಾನ್ಯ ಗೆಂಡೆಯನ್ನಷ್ಟೇ ಸಾಕುವವರಿಗೆ ಈ ಖರ್ಚೇ ಬೇಡ. ಜಲಸಸ್ಯ ಹಾಕಿದ ಹಾಪಾದಲ್ಲಿ ಬಲಿತ ಜೋಡಿಯನ್ನು ಬಿಟ್ಟರೆ ಅದು ತಾನಾಗಿಯೇ ಮೊಟ್ಟೆಯಂಟಿಸುತ್ತದೆ.